ನೆಲಕ್ಕಿಳಿದ ಕುಂಡಗಳು

ವೈಟ್‌ಫೀಲ್ಡಿನ ಗ್ಲೆನ್‌ರೋಸ್ ಹೋಟೆಲು ಮಾರಾಟವಾಯಿತು ಅನ್ನುವ ಸುದ್ದಿ ಹಬ್ಬಿದಾಗ ಎಲ್ಲರೂ ಅಯ್ಯೋ ಅಯ್ಯೋ ಅಂದರು. ನೂರು ವರ್ಷ ದಾಟಿದ ಹೆಂಚಿನ ಕಟ್ಟಡ, ಅದರ ಸುತ್ತ ಐದು ಎಕರೆ ಹೂದೋಟ. ಭಾನುವಾರ ಸಾಯಂಕಾಲ ನಾಲ್ಕರಿಂದ ಆರೂವರೆಯವರೆಗೆ ಯಾರು ಬೇಕಾದರೂ ಒಳಗೆ ಬಂದು ಕೂರಬಹುದಿತ್ತು, ಟಿಕೆಟ್ಟಿಲ್ಲ, ಕೇಳುವವರಿಲ್ಲ. ಫ್ಯಾಕ್ಟರಿ ಕ್ವಾರ್ಟರ್ಸಿನ ಸಂಸಾರಗಳು ಪುಳಿಯೋಗರೆ ಡಬ್ಬಿ ತಂದು, ತಿಂದು, ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಹೋಗುತ್ತಿದ್ದವು. ಈಗ ಅಯ್ಯೋ ಅಂದವರಲ್ಲಿ ಒಬ್ಬನೇ ಒಬ್ಬನೂ ಅಲ್ಲಿನ ಒಂದು ಗಿಡಕ್ಕೆ ಒಂದು ಚೊಂಬು ನೀರು ಹಾಕಿದವನಲ್ಲ. ನೀರು ಹಾಕಿದವನು ಗಂಗಪ್ಪ, ಅದೂ ಇಪ್ಪತ್ತು ವರ್ಷ. ಅವನು ಅಯ್ಯೋ ಅನ್ನಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ಚಿಂತೆ ಹತ್ತಿಕೊಂಡಿತ್ತು.

ಗಂಗಪ್ಪ ಹೊಸಕೋಟೆ ಕಡೆಯವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೈಕೆಳಗೆ ಸೇರಿ, ತಾನೂ ಫಿಟ್ಟರಾದವನು. ಕಾರ್ಖಾನೆ ಸೊರಗಿ, ಇಷ್ಟು ತಗೊಂಡು ಮನೆಗೆ ಹೋಗಿ ಅಂತ ಮೇಲಿನವರು ಕೈಮುಗಿದಾಗ ಅವನಿಗೆ ನಲವತ್ತೂ ಆಗಿರಲಿಲ್ಲ. ಬಂದದ್ದರಲ್ಲಿ ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ ಮೂವತ್ತು ನಲವತ್ತರ ಒಂದು ಸೈಟು ಹಿಡಿದ. ಮನೆ ಕಟ್ಟುವಷ್ಟು ಮಿಗಲಿಲ್ಲ. ಕಾಡುಗೋಡಿಯ ಬಾಡಿಗೆ ಮನೆಯಲ್ಲೇ ಹೆಂಡತಿ ಸೀತಮ್ಮನ ಜೊತೆ ಉಳಿದ.

ಹೋಟೆಲಿಗೆ ಅವನು ಬಂದದ್ದು ಹುಲ್ಲುಹಾಸಿನ ರೋಲರಿನ ಬೇರಿಂಗು ಸರಿಮಾಡಲು. ಬಂದವನು ಅಲ್ಲಿನ ಮಾಲಿ ಬೋಗನ್‌ವಿಲ್ಲಾ ಗಿಡಗಳಿಗೆ ಸೆಣಬಿನ ಹಗ್ಗ ಬಿಗಿಯುತ್ತಿರುವುದನ್ನು ನೋಡಿದ. ಕೆರಳಿಬಿಟ್ಟ. “ಏನಯ್ಯಾ, ಗಿಡಾನೋ ಎಮ್ಮೆನೋ?” ಅಂದ. ಮಾಲಿಯೂ ಸುಮ್ಮನಿರುವವನಲ್ಲ, “ಬಾ, ನೀನೇ ಕಟ್ಟು” ಅಂದ. ಮರುವಾರ ಗಂಗಪ್ಪ ಪೀಣ್ಯದಲ್ಲಿ ಹಳೇ ಜೊತೆಗಾರನ ಶೆಡ್ಡಿಗೆ ಹೋಗಿ, ಕಬ್ಬಿಣದ ಸರಳು ಬಗ್ಗಿಸಿ, ವೆಲ್ಡ್ ಮಾಡಿ, ಇಪ್ಪತ್ತನಾಲ್ಕು ಬಳೆಗಳನ್ನು ಆಳೆತ್ತರದ ಕಾಲುಗಳ ಮೇಲೆ ನಿಲ್ಲಿಸಿಕೊಂಡು ಬಂದ. ಇಪ್ಪತ್ತನಾಲ್ಕೂ ಒಂದೇ ಅಳತೆ, ಒಂದು ನೂಲೂ ಹೆಚ್ಚುಕಡಿಮೆ ಇಲ್ಲ. ಗಿಡಗಳನ್ನು ಅವುಗಳ ಮೇಲೆ ಹಬ್ಬಿಸಿ ಏಳು ವರ್ಷ ಕತ್ತರಿಸಿ ಕತ್ತರಿಸಿ ಕೊಡೆಯ ಆಕಾರಕ್ಕೆ ತಂದ. ಗೇಟಿನಿಂದ ಪೋರ್ಟಿಕೋವರೆಗೆ ಎರಡು ಸಾಲು, ಸಾಲಿಗೆ ಹನ್ನೆರಡು ಕೊಡೆ. ಮಾಲಿ ಯಾವತ್ತೋ ಊರಿಗೆ ಹೋದ. ಗಂಗಪ್ಪ ಉಳಿದ.

ಗಿಡಗಳಿದ್ದದ್ದು ಕುಂಡದಲ್ಲಿ. ಇಬ್ಬರು ಹಿಡಿದು ಎತ್ತಬೇಕಾದ ದೊಡ್ಡ ಮಣ್ಣಿನ ಕುಂಡಗಳು. ಒಂದು ಬೇಸಿಗೆ ಬೋರ್‌ವೆಲ್ ಕೈಕೊಟ್ಟಿತು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಕುಂಡದಲ್ಲಿ ಆವಿಯಾಗಿ ಹೋಗುತ್ತಿತ್ತು. ಗಂಗಪ್ಪ ಒಂದು ಉಪಾಯ ಮಾಡಿದ. ಗುಂಡಿ ತೋಡಿ ಅಷ್ಟನ್ನೂ ಕುತ್ತಿಗೆಯವರೆಗೆ ನೆಲದಲ್ಲಿ ಹೂತ. ಮಣ್ಣೊಳಗಿನ ತಂಪಿಗೆ ಅರ್ಧ ನೀರು ಸಾಕಾಯಿತು. ನೋಡಿದವರಿಗೆ ಗಿಡ ನೆಲದಿಂದಲೇ ಎದ್ದಂತೆ ಕಾಣುತ್ತಿತ್ತು. ಬಗ್ಗಿ ನೋಡಿದರಷ್ಟೇ ಕುಂಡದ ಬಾಯಂಚು ತಿಳಿಯುತ್ತಿತ್ತು.

ಹೂತ ಕುಂಡಕ್ಕೊಂದು ರೋಗವಿದೆ. ಗಿಡಕ್ಕೆ ಬುದ್ಧಿ ಜಾಸ್ತಿ. ಕೆಳಗಿನ ತೂತಿನಿಂದ ಬೇರನ್ನು ಮೆಲ್ಲಗೆ ಹೊರಗೆ ಕಳಿಸಿ ನೆಲ ಹಿಡಿದುಬಿಡುತ್ತದೆ. ಆಮೇಲೆ ಅದು ಕುಂಡದ ಗಿಡವಲ್ಲ, ನೆಲದ ಗಿಡ. ಅದಕ್ಕೇ ವರ್ಷಕ್ಕೊಮ್ಮೆ, ಆಷಾಢದ ಮಳೆ ಹಿಡಿದಾಗ, ಬಾಯಂಚಿಗೆ ಹಗ್ಗ ಸುತ್ತಿ ಹಾರೆ ಸಿಕ್ಕಿಸಿ ಪ್ರತಿ ಕುಂಡವನ್ನೂ ಕಾಲು ಸುತ್ತು ತಿರುವಬೇಕು. ಹೊರಗೆ ಇಣುಕಿದ ಎಳೆಬೇರು ಕಿತ್ತುಹೋಗುತ್ತದೆ, ಗಿಡ ಬುದ್ಧಿ ಕಲಿತು ಮತ್ತೆ ಒಳಗೇ ಇರುತ್ತದೆ. ಗಂಗಪ್ಪ ಇದನ್ನು ಕಿವಿ ಹಿಂಡುವುದು ಅನ್ನುತ್ತಿದ್ದ. ಕಳೆ ಕೀಳುವ ಶಿವಲಿಂಗಮ್ಮ ಹಗ್ಗದ ಒಂದು ತುದಿ ಹಿಡಿಯುತ್ತಿದ್ದಳು, ಇವನು ಹಾರೆ ಒತ್ತುತ್ತಿದ್ದ.

ಹೋಟೆಲಿನ ಒಡತಿ ಡೋರತಿ ಎಂಬ ಆಂಗ್ಲೋ ಇಂಡಿಯನ್ ಮುದುಕಿ. ಎಂಬತ್ತು ದಾಟಿದೆ, ಗಂಡ ಇಲ್ಲ, ಮಕ್ಕಳಿಲ್ಲ. ಆಳುಕಾಳೆಲ್ಲ ಅವರನ್ನು ಮಿಸ್ಸಮ್ಮ ಅನ್ನುತ್ತಿದ್ದರು. ಮಳೆಗಾಲದಲ್ಲಿ ಅವರು ಕಿಟಕಿಯಿಂದಲೇ ಕೂಗಿ ಕೇಳುವರು, “ಗಂಗಪ್ಪಾ, ಟರ್ನಿಂಗ್ ಆಯ್ತಾ ಮ್ಯಾನ್?” “ಆಯ್ತು ಮಿಸ್ಸಮ್ಮ” ಅನ್ನುವನು ಗಂಗಪ್ಪ.

ಒಂದು ವರ್ಷ ಗಂಗಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಭಾರ ಎತ್ತಿದರೆ ಮತ್ತೆ ಕೊಯ್ಯಬೇಕಾಗುತ್ತದೆ ಅಂದರು ಡಾಕ್ಟರು. ಅದನ್ನು ಮಿಸ್ಸಮ್ಮನಿಗೆ ಹೇಳಲು ಅವನಿಗೆ ನಾಚಿಕೆ. ಎಲ್ಲಿ ಆಪರೇಷನ್ ಅಂತ ಕೇಳಿದರೆ ಏನು ಹೇಳುವುದು, ಹೆಂಗಸರ ಮುಂದೆ? ಊರಲ್ಲಿ ಸಾವಾಯಿತು ಅಂತ ಹೇಳಿ ಎರಡು ವಾರ ರಜೆ ಹಾಕಿದ. ಆಷಾಢ ಬಂತು. ಕಿಟಕಿಯಿಂದ ಪ್ರಶ್ನೆಯೂ ಬಂತು. “ಆಯ್ತು ಮಿಸ್ಸಮ್ಮ” ಅಂದ. ಮರುವರ್ಷವೂ ಅಂದ. ಅದರ ಮರುವರ್ಷವೂ ಅಂದ.

ತಮಾಷೆಯೆಂದರೆ, ತಿರುವದೇ ಬಿಟ್ಟ ಮೇಲೆ ಗಿಡಗಳು ಹಿಂದೆಂದೂ ಬಿಡದಷ್ಟು ಹೂ ಬಿಟ್ಟವು. ಎಲೆಯೇ ಕಾಣದಷ್ಟು ಗುಲಾಬಿ, ಕೆಂಪು, ಬಿಳಿ. ಭಾನುವಾರದ ಜನ ಕೊಡೆಗಳ ಕೆಳಗೆ ಫೋಟೋಕ್ಕೆ ಸಾಲು ನಿಂತರು. ಮಿಸ್ಸಮ್ಮ ಖುಷಿಯಾಗಿ ತೀರಿಹೋದ ಗಂಡನ ಉಣ್ಣೆ ಕೋಟನ್ನೇ ತಂದು ಗಂಗಪ್ಪನ ಹೆಗಲಿಗೆ ಹಾಕಿದರು. ಅವನು ಹಾಕಿಕೊಂಡ. ಹಾಕಿಕೊಳ್ಳದೆ ಇನ್ನೇನು ಮಾಡಿಯಾನು?

ಹೋಟೆಲು ಮಾರುವಾಗ ಮಿಸ್ಸಮ್ಮ ಲಾಯರಿಗೆ ಹೇಳಿ ಕರಾರಿನಲ್ಲಿ ಒಂದು ಸಾಲು ಬರೆಸಿದರು. ನೆಲದಲ್ಲಿ ಬೇರೂರಿದ ಮರಗಿಡಗಳೆಲ್ಲ ಕೊಂಡ ಕಂಪನಿಗೆ, ಕುಂಡದಲ್ಲಿರುವುದೆಲ್ಲ ತೋಟದ ಕೆಲಸದ ಗಂಗಪ್ಪನಿಗೆ. ಅವನ ಪಾಲಿನದನ್ನು ರಿಜಿಸ್ಟ್ರೇಷನ್ ಆದ ಹದಿನೈದು ದಿನದೊಳಗೆ ಅವನೇ ಸಾಗಿಸಿಕೊಳ್ಳಬೇಕು. ಸಣ್ಣಪುಟ್ಟ ಕುಂಡಗಳನ್ನು ಹೋಟೆಲಿನ ಉಳಿದ ಆಳುಗಳಿಗೆ ಹಂಚಿಬಿಟ್ಟ ಗಂಗಪ್ಪ. ಅವನಿಗೆ ಬೇಕಾದದ್ದು ಆ ಇಪ್ಪತ್ತನಾಲ್ಕು ಕೊಡೆ. ಮಾದನಾಯಕನಹಳ್ಳಿಯ ಸೈಟಿನಲ್ಲಿ ನರ್ಸರಿ ಇಡುವುದು, ಇವನ್ನು ಮುಂದೆ ಸಾಲಾಗಿ ನಿಲ್ಲಿಸುವುದು. ದಾರಿಯಲ್ಲಿ ಹೋಗುವವನು ಗಾಡಿ ನಿಲ್ಲಿಸದೆ ಹೋದರೆ ಕೇಳಿ. ಟೆಂಪೋದವನಿಗೂ ಹೇಳಿಟ್ಟಿದ್ದ.

ಫಾಲ್ಗುಣದ ಬಿಸಿಲಿನಲ್ಲಿ, ಒಂದು ಶನಿವಾರ, ಕೊಂಡ ಕಂಪನಿಯ ಸೈಟ್ ಎಂಜಿನಿಯರು ಬಂದ. ಕೊಪ್ಪಳ ಕಡೆಯ ಹುಡುಗ, ಹೆಸರು ಈರೇಶ್. ಒಂದೊಂದು ಮರಕ್ಕೂ ನಂಬರಿನ ತಗಡಿನ ಬಿಲ್ಲೆ ಹೊಡೆಸುತ್ತ, ಪಟ್ಟಿಯಲ್ಲಿ ಬರೆದುಕೊಳ್ಳುತ್ತ, ಕೊಡೆಗಳ ಹತ್ತಿರ ಬಂದು ನಿಂತ.

“ಯಜಮಾನ್ರ, ಭಾರೀ ಮಾಡೀರಿ ಬಿಡ್ರಿ ಇವನ್ನ. ಇಪ್ಪತ್ನಾಕು ಅದಾವಲ್ಲ?”

“ಇಪ್ಪತ್ನಾಕೇ. ಇವುಕ್ಕೆ ಬಿಲ್ಲೆ ಒಡೀಬ್ಯಾಡಿ ಸಾ, ಇವು ನಮ್ವು.”

“ನಿಮ್ವು ಹೆಂಗ್ರೀ? ನೆಲದಾಗ ಅದಾವ.”

“ಬಗ್ಗಿ ನೋಡಿ. ಕುಂಡ ಕಾಣಿಸ್ತಾ?”

ಈರೇಶ್ ಬಗ್ಗಿ ನೋಡಿದ. “ಕುಂಡ ಏನೋ ಐತಿ. ಆದ್ರ ಕುಂಡ ನೆಲದಾಗ ಐತಲ್ರೀ.”

“ಕುಂಡ ಎಲ್ಲಿದ್ರೂ ಕುಂಡವೇ. ನೀವು ಬಸ್ಸಲ್ಲಿ ಕೂತ್ರೆ ಬಸ್ಸಾಗೋಯ್ತೀರಾ?”

ಈರೇಶ್ ಜೋರಾಗಿ ನಕ್ಕ. “ಮಾತಿನಾಗ ಸೋಲಂಗಿಲ್ಲ ನೀವು. ನನಗೇನಿಲ್ರೀ, ಮ್ಯಾಲಿನವರು ಕೇಳ್ತಾರ. ಒಂದು ಎತ್ತಿ ತೋರಿಸ್ರಿ, ಫೋಟೋ ಹೊಡ್ಕೊಂಡು ಹೋಗ್ತೀನಿ, ಮುಗೀತು.”

“ಈ ಬಿಸಿಲಲ್ಲಾ? ಗಿಡ ಅಂದ್ರೆ ಏನಂತ ತಿಳ್ಕಂಡಿದ್ದೀರಿ, ಕುರ್ಚಿನಾ? ಬರೋ ಶುಕ್ರವಾರ ಬೆಳಗಿನ್ ತಂಪಲ್ಲಿ ಬನ್ನಿ. ಮಿಸ್ಸಮ್ಮನೂ ಇರ್ತಾರೆ. ಎತ್ತಿ ತೋರುಸ್ತೀನಿ.”

ಹುಡುಗ ಹೋದ ಮೇಲೆ ಗಂಗಪ್ಪ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಮಾತೇನೋ ಆಡಿಯಾಗಿತ್ತು. ಒಳಗೆ ಏನಾಗಿದೆಯೋ ಅದು ಅವನಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆಲ್ಲ, ಅಡಿಗೆಮನೆಯ ಕಡೆಗಿದ್ದ ಕೊನೆಯ ಕುಂಡಕ್ಕೆ ಹಗ್ಗ ಸುತ್ತಿದ. ಶಿವಲಿಂಗಮ್ಮ ಸೆರಗು ಸಿಕ್ಕಿಸಿ ಬಂದಳು.

“ನಾನು ಅವತ್ತೇ ಯೋಳಿದ್ನಲ್ಲ ಗಂಗಣ್ಣ, ಮಿಸ್ಸಮ್ಮಂಗೆ ಒಂದ್ ಮಾತು ಯೋಳಿ ಕೂಲಿಯೋರನ್ನ ಕರ್ಸು ಅಂತ. ಕೇಳಿದ್ಯಾ?”

“ಈಗ ಬಾಯ್ ಮುಚ್ಕಂಡು ಅಗ್ಗ ಇಡ್ಕೊ.”

“ಇಡ್ಕೊಂಡೇ ಅವ್ನಿ. ಬಾಯಿಗೂ ಅಗ್ಗಕ್ಕೂ ಏನ್ ಸಂಬಂದ?”

ಕುಂಡ ಅಲುಗಲಿಲ್ಲ. ಹಾರೆ ಬಗ್ಗುವುದೊಂದು ಬಾಕಿ. ಕೊನೆಗೆ ಸುತ್ತ ಮಣ್ಣು ತೋಡಿ ನೋಡಿದರೆ, ಕೆಳಗಿನ ತೂತು ಒಡೆದು ಕುಂಡದ ತಳವೇ ಸೀಳಿಹೋಗಿತ್ತು, ಮುಂಗೈ ದಪ್ಪದ ಬೇರು ನೇರ ಪಾತಾಳಕ್ಕೆ ಇಳಿದಿತ್ತು. ಗಂಗಪ್ಪ ಗರಗಸ ತಂದು ಕೊಯ್ದ. ಗಿಡ ಹೊರಗೆ ಬಂತು, ಕುಂಡದ ತಳ ನೆಲದಲ್ಲೇ ಉಳಿಯಿತು. ಮಾವಿನ ಮರದ ನೆರಳಿನಲ್ಲಿ ಗೋಣಿಚೀಲ ಸುತ್ತಿ ಇಟ್ಟು ಮೂರು ಹೊತ್ತು ನೀರು ಚಿಮುಕಿಸಿದ. ಬುಧವಾರದ ಹೊತ್ತಿಗೆ ಹೂವೆಲ್ಲ ಉದುರಿ, ಎಲೆ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿತ್ತು.

ಶಿವಲಿಂಗಮ್ಮನ ತಲೆ ಇಂಥ ಕಡೆ ಚುರುಕು. “ಇಂಗ್ ಮಾಡು. ಎಲ್ಲದ್ದೂ ಬೇರು ಕೊಯ್ದುಬಿಡು, ಮಣ್ಣು ಮುಚ್ಚಿ ನೀಟಾಗ್ ಕೂರ್ಸು. ಶುಕ್ರವಾರ ಅವ್ನು ಯಾವುದ್ ತೋರಿಸು ಅಂತಾನೋ ಅದ್ನ ಎತ್ತು. ನಿಂದಾಗೋಯ್ತು. ಬದುಕಿದ್ದು ಬದುಕ್ಲಿ.”

“ಎಷ್ಟು ಬದುಕ್ತಾವೆ?”

“ನನ್ನೇನ್ ಕೇಳೀಯೆ? ಗಿಡದೋನು ನೀನು.”

ಗುರುವಾರವೆಲ್ಲ ಗಂಗಪ್ಪ ಗರಗಸಕ್ಕೆ ಅರ ಹಾಕಿದ. ಅರ ಹಾಕುತ್ತ ಲೆಕ್ಕ ಹಾಕಿದ. ಬೇಸಿಗೆಯಲ್ಲಿ ಬೇರು ಕೊಯ್ದು, ಟೆಂಪೋದ ಗಾಳಿಗೆ ನಲವತ್ತು ಕಿಲೋಮೀಟರು ಹೊತ್ತು, ನೆರಳಿಲ್ಲದ ಸೈಟಿನಲ್ಲಿ ಇಳಿಸಿದರೆ ಐದು ಉಳಿದಾವು. ಅದೃಷ್ಟ ಚೆನ್ನಾಗಿದ್ದರೆ ಏಳು. ಬೇಡ ಅಂತ ಬಿಟ್ಟರೆ? ಕಂಪನಿಯವರು ನಾಳೆಯೇ ಜೆಸಿಬಿ ತಂದು ಸವರಿ ಹಾಕಿದರೆ ಒಂದೂ ಇಲ್ಲ. ಐದು ದೊಡ್ಡದೋ, ಸೊನ್ನೆ ದೊಡ್ಡದೋ? ಏಳನೇ ಕ್ಲಾಸಿನ ಲೆಕ್ಕಕ್ಕೂ ಉತ್ತರ ಗೊತ್ತು. ಆದರೂ ಗರಗಸ ಹಿಡಿದು ಸಾಲಿನ ಮೊದಲ ಗಿಡದ ಬುಡಕ್ಕೆ ಹೋದವನು, ಮೇಲೆ ನೋಡಿದ, ಕೆಳಗೆ ನೋಡಿದ, ವಾಪಸ್ ಬಂದ. ಅವತ್ತು ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಅಂತ ಸೀತಮ್ಮನ ಮೇಲೆ ರೇಗಿದ. ಉಪ್ಪು ಸರಿಯಾಗಿಯೇ ಇತ್ತು.

ಶುಕ್ರವಾರ ಏಳೂವರೆಗೆ ಈರೇಶ್ ಬಂದ. ಮಿಸ್ಸಮ್ಮ ಬೆತ್ತದ ಕುರ್ಚಿ ಹಾಕಿಸಿಕೊಂಡು ಸಾಲಿನ ಪಕ್ಕದಲ್ಲೇ ಕೂತಿದ್ದರು, ಮೊಣಕಾಲ ಮೇಲೆ ಶಾಲು. ಶಿವಲಿಂಗಮ್ಮ ಹತ್ತು ಹೆಜ್ಜೆ ಆಚೆ ಕಳೆ ಕೀಳುವ ನೆಪದಲ್ಲಿ ಒಂದೇ ಜಾಗ ಕೆರೆಯುತ್ತಿದ್ದಳು. ಗಂಗಪ್ಪ ಬರಿಗೈಯಲ್ಲಿ ನಿಂತಿದ್ದ, ಏನು ಹೇಳಬೇಕು ಅಂತ ಅವನಿಗಿನ್ನೂ ಹೊಳೆದಿರಲಿಲ್ಲ.

“ಯಜಮಾನ್ರ, ಎತ್ತೋಣೇನ್ರಿ?” ಅಂದ ಈರೇಶ್.

ಮಿಸ್ಸಮ್ಮನಿಗೆ ಸಿಟ್ಟು ಬಂತು. “ಏನು ಎತ್ತೋದು ಯಂಗ್ ಮ್ಯಾನ್? ನೀನು ಇವನಿಗೆ ಪರೀಕ್ಷೆ ಮಾಡೋದಾ? ಇಪ್ಪತ್ತು ವರ್ಷ ನನ್ನ ಹತ್ರ ಕೆಲಸ. ಎವ್ರಿ ಇಯರ್ ಮಳೆ ಬಂದ್ರೆ ತಿರುಗಿಸ್ತಾನೆ, ಒಂದು ಬೇರು ಹೊರಗೆ ಹೋಗೋದಿಲ್ಲ. ಹೋದ ವರ್ಷ ಕೂಡ ಮಾಡಿದಾನೆ. ನಾನು ಬರ್ದು ಕೊಡ್ತೀನಿ, ಸೈನ್ ಹಾಕ್ತೀನಿ. ಪೇಪರ್ ಕೊಡು.”

“ಮೇಡಂ, ನೀವು ಬರದ್ ಕೊಟ್ರ ಸಾಕ್ರಿ. ಎತ್ತೋದೂ ಬ್ಯಾಡ” ಅಂದ ಈರೇಶ್, ಹಾಯೆನಿಸಿದವನಂತೆ. ಪ್ಯಾಡಿನಿಂದ ಒಂದು ಹಾಳೆ ಹರಿದು ಪೆನ್ನಿನ ಸಮೇತ ಕೊಟ್ಟ. ಮಿಸ್ಸಮ್ಮ ಕನ್ನಡಕ ಹಾಕಿಕೊಂಡರು. ಹಾಳೆಯ ಮೇಲ್ತುದಿಗೆ ತಾರೀಕು ಹಾಕಿದರು.

“ಬರೀಬ್ಯಾಡಿ!”

ಗಂಗಪ್ಪ ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಹೋಟೆಲಿನ ಅಡಿಗೆಯವನು ಹೊರಗೆ ಬಂದು ನೋಡಿದ.

“ಬರೀಬ್ಯಾಡಿ ಮಿಸ್ಸಮ್ಮ. ತಿರುವಿಲ್ಲ. ಮೂರು ವರ್ಷ ಆಯ್ತು ತಿರುವಿ. ನೀವ್ ಕೇಳ್ದಾಗೆಲ್ಲ ಆಯ್ತು ಅಂತ ಸುಳ್ಳೇಳಿದ್ದೀನಿ. ಬೇರೆಲ್ಲಾ ನೆಲಕ್ಕೋಗದೆ. ಬರ್ಕೊಳಯ್ಯಾ ನೀನು! ನೆಲದ್ದು ಅಂತ್ಲೇ ಬರ್ಕೊ! ನೋಡ್ತಾ ನಿಂತವ್ನೆ!”

ಈರೇಶ್ ತಾನೇನು ತಪ್ಪು ಮಾಡಿದೆ ಅಂತ ತಿಳಿಯದೆ ಪ್ಯಾಡನ್ನು ಎದೆಗೆ ಒತ್ತಿಕೊಂಡ. ಮಿಸ್ಸಮ್ಮ ಕನ್ನಡಕ ತೆಗೆದರು.

“ಯಾಕೆ?”

“ಆಪರೇಸನ್ ಆಗಿತ್ತು. ಬಾರ ಎತ್ಬೇಡ ಅಂದಿದ್ರು.”

“ವಾಟ್ ಆಪರೇಷನ್? ಯಾವಾಗ? ಎಲ್ಲಿ?”

ಗಂಗಪ್ಪ ಮಾವಿನ ಮರದ ಕಡೆ ನೋಡಿದ. ಶಿವಲಿಂಗಮ್ಮ ಕೂತಲ್ಲಿಂದಲೇ ಕೂಗಿದಳು, “ಅರ್ನಿಯಾ ಮಿಸ್ಸಮ್ಮ! ಯೋಳಕ್ಕೆ ನಾಚ್ಕೆ ಅವಂಗೆ!”

“ಹರ್ನಿಯಾ?” ಮಿಸ್ಸಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. “ನಮ್ಮ ಫಾದರ್‌ಗೆ ಎರಡು ಸಲ ಆಗಿತ್ತು ಮ್ಯಾನ್. ಡಿನ್ನರ್ ಟೇಬಲ್‌ನಲ್ಲಿ ಮಾತಾಡೋರು. ಇದಕ್ಕಾ ಮೂರು ವರ್ಷ ಸುಳ್ಳು?” ಆಮೇಲೆ ಹೂ ತುಂಬಿದ ಕೊಡೆಗಳ ಕಡೆ ಕೋಲು ತೋರಿಸಿ, “ಹಾಗಾದ್ರೆ ಈ ಹೂವೆಲ್ಲ?”

“ನೆಲದ್ದು. ನಂದೇನಿಲ್ಲ.”

“ನಾನು ನಿಂಗೆ ಕೋಟು ಕೊಟ್ಟೆ.”

“ತಂದ್ಕೊಟ್ಬುಡ್ತೀನಿ.”

“ಡೋಂಟ್ ಬಿ ಸಿಲ್ಲಿ” ಅಂದರು ಮಿಸ್ಸಮ್ಮ. ಕಾಗದವನ್ನು ಎರಡು ಸಲ ಮಡಿಸಿ ಈರೇಶನಿಗೆ ವಾಪಸ್ ಕೊಟ್ಟು, ಕೋಲೂರಿಕೊಂಡು ಒಳಗೆ ಹೋದರು. ಬಾಗಿಲ ಹತ್ತಿರ ತಿರುಗಿ ನೋಡಲಿಲ್ಲ. ಗಂಗಪ್ಪನಿಗೆ ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಈರೇಶ್ ಮತ್ತೆ ಪ್ಯಾಡು ತೆರೆದ. “ಹಂಗಾರ ಇಪ್ಪತ್ಮೂರು ನೆಲದ್ದು ಅಂತ ಬರೀತೀನ್ರಿ. ಆ ಮಾವಿನ ಗಿಡದ ಕೆಳಗ ಇರೋದು?”

“ಅದು ಈಚೆಗೆ ಬಂದದೆ. ಅದು ನಂದು.”

“ಅದು ಒಣಗೇತಲ್ರೀ.”

“ಒಣಗಿರೋದೇ ನಂದು. ಬರ್ಕೊ.”

ಈರೇಶ್ ಬರೆದುಕೊಂಡ. ಹೊರಡುವವನು ನಿಂತು, ಈ ಮುದಿಯ ಮತ್ತೆ ಕೂಗುತ್ತಾನೇನೋ ಅನ್ನುವ ಅಂಜಿಕೆಯಲ್ಲೇ ಹೇಳಿದ, “ಯಜಮಾನ್ರ, ಒಂದು ಮಾತು. ನಿಮ್ವು ಆಗಿದ್ರ ಹದಿನೈದು ದಿನದಾಗ ಕಿತ್ಕೊಂಡು ಹೋಗಬೇಕಾಗ್ತಿತ್ತು ನೋಡ್ರಿ, ಈ ಬ್ಯಾಸಗ್ಯಾಗ. ನಮ್ವು ಅಂದ್ರ ಅವಸರ ಇಲ್ಲ. ಪ್ಲಾನ್ ಪಾಸಾಗೂ ತನಕ ಒಳಗ ಒಂದು ಕಡ್ಡೀನೂ ಮುಟ್ಟಂಗಿಲ್ಲ ಅಂತ ಕಂಪನಿ ಆರ್ಡರ್ ಐತಿ.”

“ಎಷ್ಟು ದಿನ ಆಯ್ತದೆ ಪಾಸಾಗಕ್ಕೆ?”

“ದಿನ ಅಲ್ರೀ. ಒಂದೂವರಿ ವರ್ಷ ಹಿಡಿತೈತಿ.”

ಗಂಗಪ್ಪ ಬೆರಳು ಮಡಿಸಿದ. ಎರಡು ಮಳೆಗಾಲ. ಈ ಆಷಾಢಕ್ಕೆ ಒಂದು ಮಗ್ಗುಲಿನ ಬೇರು, ಕಾರ್ತೀಕಕ್ಕೆ ಇನ್ನೊಂದು, ಮುಂದಿನ ವರ್ಷ ಉಳಿದದ್ದು. ಅಷ್ಟು ಹೊತ್ತು ಸಿಕ್ಕರೆ ಯಾವ ಗಿಡವನ್ನಾದರೂ ಸಾಯಿಸದೆ ಎಬ್ಬಿಸಬಹುದು.

“ಆಮೇಲೇನ್ ಮಾಡ್ತೀರಾ ಇವನ್ನ?”

“ಬದುಕಿದ್ರ ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿಗೆ ಒಯ್ತಾರೇನೋ. ಅಲ್ಲಿ ಗಾರ್ಡನ್ನಿಗೆ ಏನೂ ಇಲ್ಲ.”

“ಅಲ್ಲೀಗಂಟ ನೀರ್ಯಾರು ಆಕ್ತಾರೆ?”

“ಯಾರೂ ಇಲ್ರೀ. ನೀವು ಹಾಕ್ತೀರೇನು?”

“ನಿಮ್ ಗಿಡಕ್ಕೆ ನಾನ್ಯಾಕಯ್ಯಾ ನೀರ್ ಆಕ್ಲಿ?” ಅಂದ ಗಂಗಪ್ಪ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೊಡವಿದ. ಮುಖ ಒರೆಸಿಕೊಂಡ. ಸಾಲಿನ ತುದಿಯವರೆಗೆ ನಡೆದು ಹೋಗಿ ವಾಪಸ್ ಬಂದ. “ಬೆಳಿಗ್ಗೆ ಎಷ್ಟೊತ್ಗೆ ಗೇಟ್ ತೆಗೀತೀರಾ?”

ಇದು ನಡೆದು ಎರಡೂವರೆ ವರ್ಷವಾಗುತ್ತ ಬಂತು. ಮಿಸ್ಸಮ್ಮ ಈಗ ಚರ್ಚಿನ ಹಿಂದಿನ ಫ್ಲ್ಯಾಟಿನಲ್ಲಿದ್ದಾರೆ. ಮೊದಲ ನಾಲ್ಕು ತಿಂಗಳು ಗಂಗಪ್ಪನ ಫೋನು ಎತ್ತಲಿಲ್ಲ. ಆಮೇಲೊಮ್ಮೆ ಅವರೇ ಮಾಡಿ, ಬಾಲ್ಕನಿಯ ತುಳಸಿಗೆ ಹುಳ ಬಿದ್ದಿದೆ, ಬಂದು ನೋಡು ಅಂದರು. ಇವನು ಹೋದ. ಹಳೇ ಮಾತು ಇಬ್ಬರೂ ಎತ್ತಲಿಲ್ಲ. ಮಾವಿನ ಮರದ ಕೆಳಗಿನ ಒಣಗಿದ ಗಿಡ ಮಾದನಾಯಕನಹಳ್ಳಿಗೆ ಹೋಗಿ, ಒಂದು ತಿಂಗಳು ಹಸಿರೂ ಆಗದೆ ಪೂರಾ ಒಣಗಲೂ ಒಪ್ಪದೆ ಸತಾಯಿಸಿ, ಸತ್ತಿತು. ನರ್ಸರಿ ಆಗಲಿಲ್ಲ. ಸೈಟನ್ನು ಪ್ಲೈವುಡ್ಡಿನವನೊಬ್ಬ ಬಾಡಿಗೆಗೆ ಹಿಡಿದಿದ್ದಾನೆ.

ಇಪ್ಪತ್ತಮೂರರಲ್ಲಿ ಇಪ್ಪತ್ತು ಬದುಕಿದವು. ಎರಡು ಮಳೆಗಾಲ ಕಂಪನಿಯ ಆಳುಗಳು ಹಾರೆ ಒತ್ತಿದರು, ಗಂಗಪ್ಪ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವರ ಜನ್ಮ ಜಾಲಾಡಿದ. ಕೊನೆಗೆ ಕಬ್ಬಿಣದ ಬಳೆಗಳ ಸಮೇತ ಸಿಂಗಸಂದ್ರಕ್ಕೆ ಸಾಗಿಸಿ, ಅಪಾರ್ಟ್‌ಮೆಂಟಿನ ಮುಂದೆ ನೆಲದಲ್ಲೇ ನೆಟ್ಟರು, ಕುಂಡದ ಗೊಡವೆಯೇ ಇಲ್ಲ. ಅಲ್ಲಿನವರಿಗೆ ಕತ್ತರಿಸಲು ಬಾರದೆ ಕೊಡೆಗಳು ಆರೇ ತಿಂಗಳಲ್ಲಿ ಪೊದೆಯಾಗಲು ಶುರುವಾದವು. ಈರೇಶ್ ಫೋನ್ ಮಾಡಿದ. ಈಗ ವಾರಕ್ಕೆ ಮೂರು ದಿನ ಗಂಗಪ್ಪ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಒಮ್ಮೆ, ಆರ್.ವಿ. ರೋಡಿನಲ್ಲಿ ಒಮ್ಮೆ ರೈಲು ಬದಲಿಸಿ ಸಿಂಗಸಂದ್ರಕ್ಕೆ ಹೋಗುತ್ತಾನೆ. ಕತ್ತರಿಯನ್ನು ಟವೆಲ್ಲಿನಲ್ಲಿ ಸುತ್ತಿಟ್ಟರೂ ಸ್ಟೇಷನ್ನಿನ ಮೆಷಿನ್ನಿನಲ್ಲಿ ಸಿಕ್ಕಿಬಿದ್ದು ಒಂದು ದಿನ ಜಗಳವಾಯಿತು. ಅಂದಿನಿಂದ ಕತ್ತರಿ ಅಲ್ಲೇ ವಾಚ್‌ಮನ್ ಕೋಣೆಯಲ್ಲಿರುತ್ತದೆ.

ಮೊನ್ನೆ ಅಲ್ಲಿನ ಒಬ್ಬಾಕೆ, ಆಫೀಸಿಗೆ ಹೊರಟವಳು, ಕೊಡೆಯ ಕೆಳಗೆ ಕೊಂಬೆ ಬಗ್ಗಿಸಿ ಹಿಡಿದು ಫೋನಿನಲ್ಲಿ ತನ್ನ ಫೋಟೋ ತೆಗೆದುಕೊಳ್ಳುತ್ತಿದ್ದಳು. 

“ಅಂಕಲ್, ಸಕ್ಕತ್ತಾಗಿದೆ. ಇವನ್ನೆಲ್ಲ ನೀವೇ ಬೆಳೆಸಿದ್ದಂತೆ?”

“ಊಂ.”

“ಹಾಗಾದ್ರೆ ನಿಮ್ದೇ ಅನ್ನಿ!”

“ನಂದಲ್ಲ ಕಣಮ್ಮ” ಅಂದ ಗಂಗಪ್ಪ. “ಕೊಂಬೆ ಬಿಡು, ಮುರಿದೋಯ್ತದೆ.”